ಕಣ್ಣಿಗೊಂದು ಕೂಡ್ರುವ ಜಾಗ

ಆತ ನಮ್ಮ ಮನೆಗೆ ಬಂದ ಮೊದಲ ದಿನ ನಮಸ್ಕಾರ ಹೇಳಿ, ಚಪ್ಪಲಿ ಬಿಟ್ಟು, ಮಲಗುವ ಕೋಣೆಗೆ ಹೋಗಿ ಬರಿನೆಲದ ಮೇಲೆ ಅಂಗಾತ ಮಲಗಿಬಿಟ್ಟ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕೆಲಸಕ್ಕೆ ಕರೆದವನು ಬಂದ ಕೂಡಲೇ ಮಲಗಿಕೊಂಡರೆ ಯಾರಿಗೆ ಸಿಟ್ಟು ಬರುವುದಿಲ್ಲ? ಮೊದಲೇ ನನ್ನದು ಮೂಗಿನ ತುದಿಯ ಸಿಟ್ಟು. ವಿಜಯಪುರದ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿ, ಕೈಯಲ್ಲಿ ಸೀಟಿ, ಎದುರಿಗೆ ಮೈಕು ಇಟ್ಟುಕೊಂಡು, ಎರಡು ನಿಮಿಷ ತಡಮಾಡಿದ ಡ್ರೈವರುಗಳ ಮೈಮೇಲೆ ಹೋಗಿ ಹೋಗಿ ಬೆಳೆಸಿಕೊಂಡ ಸಿಟ್ಟು ಅದು. ನಿವೃತ್ತಿಯಾದ ದಿನ ಸೀಟಿಯನ್ನು ಕೊಟ್ಟು ಬಂದೆ, ಸಿಟ್ಟು ಮಾತ್ರ ನನ್ನ ಜೊತೆ ಮನೆಗೆ ಬಂತು.

"ಏನಪಾ ಮಿಸ್ತ್ರಿ, ಬರೂದ್ರಾಗ ದಣಿವಾತೇನು?" ಎಂದು ಚುಚ್ಚಿದೆ.

ಆತ ಮಲಗಿದಲ್ಲಿಂದಲೇ ಕೇಳಿದ. "ಅಕ್ಕಾರ ಕಾಟ್ ಎಲ್ಲಿ ಹಾಕಾವ್ರದೀರಿ, ಅದನಷ್ಟ ಹೇಳ್ರಿ ಸಾಹೇಬ್ರ."

ಹೇಳಿದೆ. ಆತ ಮೊಣಕೈ ಊರಿ ಆ ಜಾಗಕ್ಕೆ ಸರಿದ. ತಲೆ ಎಲ್ಲಿ ಬರುತ್ತದೆ, ಕಾಲು ಎಲ್ಲಿ ಬರುತ್ತವೆ ಎಂದು ಕೇಳಿಕೊಂಡು ಮತ್ತೆ ಮಲಗಿದ. ಎರಡೂ ಕೈ ಹೊಟ್ಟೆಯ ಮೇಲೆ. ಹತ್ತು ನಿಮಿಷ ಮೇಲೆ ನೋಡುತ್ತಲೇ ಇದ್ದ. ನಾನು ಎರಡು ಸಲ ಗಡಿಯಾರ ನೋಡಿಕೊಂಡೆ. ಆಮೇಲೆ ಎದ್ದು, ಅಂಗಿಯ ಧೂಳು ಝಾಡಿಸಿಕೊಳ್ಳುತ್ತ ಆತ ಕೇಳಿದ.

"ಅಕ್ಕಾರ ಗೋಣು ಯಾ ಕಡೆ ಹೊಳ್ಳತೈತ್ರಿ, ಎಡಕ್ಕೋ ಬಲಕ್ಕೋ?"

ನನಗೆ ಗೊತ್ತಿರಲಿಲ್ಲ. ಇಪ್ಪತ್ತು ದಿನ ಆಸ್ಪತ್ರೆಯಲ್ಲಿ ನಮ್ಮಾಕೆಯ ಪಕ್ಕದಲ್ಲಿ ಕೂತಿದ್ದೇನೆ, ಅವಳ ಕತ್ತು ಯಾವ ಕಡೆಗೆ ಹೊರಳುತ್ತದೆ ಎಂಬುದನ್ನು ಗಮನಿಸಿರಲಿಲ್ಲ. ಗುಳಿಗೆಯ ಹೊತ್ತು ಗೊತ್ತಿತ್ತು, ಡಾಕ್ಟರು ಬರುವ ಹೊತ್ತು ಗೊತ್ತಿತ್ತು.

ಅವಳಿಗೆ ಲಕ್ವಾ ಹೊಡೆದಿತ್ತು. ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಕುಸಿದಳು. ಬಲಭಾಗ ಪೂರ್ತಿ ಹೋಯಿತು, ಮಾತು ಹೋಯಿತು, ಎಡಗೈ ಅಷ್ಟಿಷ್ಟು ಆಡುತ್ತಿತ್ತು. ಇನ್ನು ಎದ್ದು ಕೂಡುವ ಭರವಸೆ ಇಲ್ಲ, ಅಂಗಾತ ಮಲಗಿಸಿಯೇ ನೋಡಿಕೊಳ್ಳಬೇಕು, ತಿಳುವಳಿಕೆ ಮಾತ್ರ ಎಲ್ಲ ಇದೆ ಎಂದು ಡಾಕ್ಟರು ಹೇಳಿದರು. ಆ ಕೊನೆಯ ಮಾತನ್ನು ಅವರು ಸಮಾಧಾನಕ್ಕೆ ಹೇಳಿದ್ದರು. ನನಗೆ ಅದೇ ಹೆಚ್ಚಿನ ಶಿಕ್ಷೆ ಅನ್ನಿಸಿತು.

ನಮ್ಮದು ಇಬ್ರಾಹಿಂಪುರದಲ್ಲಿ ರೈಲು ಹಳಿಗೆ ಹತ್ತಿರದ ಮನೆ. ಗಾಡಿ ಹೋದಾಗಲೆಲ್ಲ ಅಡುಗೆಮನೆಯ ತಾಟುಗಳು ಸದ್ದು ಮಾಡುತ್ತವೆ. ಮಲಗುವ ಕೋಣೆಯ ಸೀಲಿಂಗಿನ ಗಾರೆಯ ಗಿಲಾವು ಅಲ್ಲಲ್ಲಿ ಉಬ್ಬಿ, ಆಗೊಮ್ಮೆ ಈಗೊಮ್ಮೆ ಚೂರು ಉದುರುತ್ತಿತ್ತು. ಅಂಗಾತ ಮಲಗಿದವಳ ಕಣ್ಣಿಗೆ ಬಿದ್ದರೆ ಒರೆಸಿಕೊಳ್ಳಲೂ ಆಗುವುದಿಲ್ಲವಲ್ಲ ಎಂಬ ಹೆದರಿಕೆಗೆ ನಾನು ಆತನಿಗೆ ಫೋನ್ ಮಾಡಿದ್ದು. ನಂಬರು ಇದ್ದದ್ದು ಬೇರೆ ಕಾರಣಕ್ಕೆ. ನಮ್ಮಾಕೆಯ ಅಣ್ಣ ತಿಕೋಟಾದಲ್ಲಿ ಒಣದ್ರಾಕ್ಷಿ ವ್ಯಾಪಾರಿ. ಅವನ ಹೊಸ ಮನೆಯ ಪಡಸಾಲೆಯ ಸೀಲಿಂಗಿಗೆ ಈ ಮಿಸ್ತ್ರಿ, ಗೋಡೆ ನುಣುಪು ಮಾಡಲು ಹಚ್ಚುವ ಪುಟ್ಟಿಯಲ್ಲೇ ದ್ರಾಕ್ಷಿಬಳ್ಳಿ ಎಳೆದಿದ್ದ. ಗೃಹಪ್ರವೇಶದ ದಿನ ಎಲ್ಲರೂ ಊಟಕ್ಕೆ ಕೂತರೆ ನಮ್ಮಾಕೆ ಬಾಯಿ ತೆರೆದುಕೊಂಡು ಮೇಲೆ ನೋಡುತ್ತ ನಿಂತಿದ್ದಳು. ನಮ್ಮ ಮನೆಗೂ ಹೀಗೊಂದು ಮಾಡಿಸೋಣ ಎಂದು ಅವತ್ತೇ ನಂಬರು ಬರೆಸಿಕೊಂಡಳು.

"ಮ್ಯಾಲ ಯಾರ್ ನೋಡ್ತಾರ?" ಎಂದಿದ್ದೆ ನಾನು. ಎಂಟು ವರ್ಷ ಅದೇ ಮಾತು ಹೇಳಿದೆ. ಈಗ ಅವಳಿಗೆ ಮೇಲೆ ನೋಡುವುದೊಂದೇ ಉಳಿದಿತ್ತು.

ಮಿಸ್ತ್ರಿಯ ಹೆಸರು ಇಲ್ಲಿ ಬೇಡ. ಹೆಸರು ಹಾಕಿಸಿಕೊಳ್ಳುವ ಮನುಷ್ಯನಲ್ಲ. ಮಮದಾಪುರದವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನಿರಬೇಕು. ಕುಳ್ಳ ದೇಹ, ಉದ್ದ ಕತ್ತು. ಹುಬ್ಬಿನಲ್ಲಿ ಸದಾ ಬಿಳಿ ಪುಡಿ ಇರುತ್ತಿದ್ದುದರಿಂದ ಕೂದಲು ನೆರೆತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಚಹಾ ಕೊಟ್ಟರೆ ಬಸಿಯನ್ನು ಕಟ್ಟೆಯ ಮೇಲಿಟ್ಟು ಮೊದಲು ಕತ್ತನ್ನು ಎಡಕ್ಕೆ ಮೂರು ಸಲ, ಬಲಕ್ಕೆ ಮೂರು ಸಲ ತಿರುಗಿಸುತ್ತಿದ್ದ. ಒಳಗೆ ಮರಳು ಅರೆದಂಥ ಸದ್ದು ನನಗೂ ಕೇಳಿಸುತ್ತಿತ್ತು. ಬಿಸಿನೀರಿನ ಶಾಖ ಕೊಡು ಎಂದರೆ, ಇನ್ನೂ ಹತ್ತು ಮನೆ ಮುಗಿಯಲಿ, ಆಮೇಲೆ ಕೊಟ್ಟರಾಯಿತು ಅನ್ನುತ್ತಿದ್ದ. ಆ ಹತ್ತು ಮನೆ ಯಾವತ್ತೂ ಹತ್ತೇ ಇರುತ್ತಿದ್ದವು.

ಆತನಿಗೆ ನೆಲಕ್ಕೆ ಹಾಸುವ ಫರಸಿ ಕಂಡರೆ ಆಗುತ್ತಿರಲಿಲ್ಲ. ಹೊಸ ಮನೆ ಕಟ್ಟಿಸಿದವರು ಹೊಳೆಯುವ ಫರಸಿ ಹಾಕಿಸಿ, ಬಂದವರಿಗೆಲ್ಲ ಅದನ್ನೇ ತೋರಿಸುವುದು ಆತನಿಗೆ ಎಂದೂ ಅರ್ಥವಾಗದ ವಿಷಯ. ನೆಲ ಇರುವುದು ಬಂದು ಹೋಗುವವರಿಗೆ, ಸೀಲಿಂಗು ಇರುವುದು ಇರುವವರಿಗೆ ಅನ್ನುತ್ತಿದ್ದ. ಹೆರಿಗೆಯಾದವಳು, ಜ್ವರ ಬಂದವನು, ಕೊನೆಗಾಲದ ಮುದುಕರು, ಎಲ್ಲರೂ ನೋಡುವುದು ಅದನ್ನೇ. ಬಸ್ಸಿನಲ್ಲಿ ಕೂತರೂ ತಲೆ ಎತ್ತಿ ತಗಡನ್ನು ನೋಡುತ್ತಾನೆ ಎಂದು ಮಮದಾಪುರ ರೂಟಿನ ಕಂಡಕ್ಟರ್ ನಗುತ್ತ ಹೇಳಿದ್ದ.

ಆತನ ಮುಖ್ಯ ಸಾಮಾನು ಒಂದು ಮರದ ಹಣಗಿ. ತಾಯಿ ತಲೆ ಬಾಚಿಕೊಳ್ಳುತ್ತಿದ್ದದ್ದಂತೆ. ನಾಲ್ಕೈದು ಹಲ್ಲು ಮುರಿದಿದ್ದವು. ಹಸಿ ಪುಟ್ಟಿಯ ಮೇಲೆ ಅದನ್ನು ಎಳೆದರೆ ಹಲ್ಲು ಇದ್ದಲ್ಲಿ ಗೆರೆ, ಇಲ್ಲದಲ್ಲಿ ದಿಂಡು. ಮಣಿಕಟ್ಟು ಹೊರಳಿಸಿದರೆ ಗೆರೆಗಳು ಬಾಗಿ, ಬಿತ್ತಿದ ಹೊಲದ ಸಾಲಿನ ಹಾಗೆ ಒಂದರ ಪಕ್ಕ ಒಂದು ಸಾಗುತ್ತಿದ್ದವು. ಪೇಟೆಯಲ್ಲಿ ಸ್ಟೀಲಿನ ಹಣಗಿಗಳು ಸಿಗುತ್ತವಲ್ಲ ಎಂದರೆ, ಅವುಗಳ ಹಲ್ಲು ಎಲ್ಲ ಸರಿ ಇರುತ್ತವೆ, ಅದೇ ಅವುಗಳ ಐಬು ಅನ್ನುತ್ತಿದ್ದ.

ಕತ್ತಿನ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲವಲ್ಲ, ಆತ ಮರುದಿನ ತಾನೇ ಆಸ್ಪತ್ರೆಗೆ ಹೋಗಿದ್ದ. ನಾನು ಗುಳಿಗೆ ತರಲು ಹೊರಗೆ ಹೋಗಿದ್ದ ಹೊತ್ತು. ತಿರುಗಿ ಬಂದಾಗ ಆತ ಮಂಚದ ಪಕ್ಕ ನಿಂತು, ತನ್ನ ಅಂಗೈಯನ್ನು ನಮ್ಮಾಕೆಯ ಮುಖದ ಮೇಲೆ ಎತ್ತರದಲ್ಲಿ ಹಿಡಿದು, ಮೆಲ್ಲಗೆ ಆಚೆ ಈಚೆ ಸರಿಸುತ್ತಿದ್ದ. ಅವಳ ಕಣ್ಣು ಆ ಅಂಗೈಯ ಹಿಂದೆ ಹೋಗುತ್ತಿದ್ದವು. ಒಂದು ಕಡೆ ಬಂದಾಗ ಅವಳು ಎಡಗೈಯ ಬೆರಳು ಎತ್ತಿದಳು. ಆತ ಅಲ್ಲಿಗೆ ನಿಲ್ಲಿಸಿ, ಹ್ಞೂಂ ಅಂದು, ತಲೆಯಾಡಿಸಿ, ನನಗೂ ನಮಸ್ಕಾರ ಹೇಳಿ ಹೊರಟುಹೋದ. ಇದೇನು ಮಾಟ ಮಂತ್ರವೋ ಎಂದು ನನಗೆ ನಗು ಬಂದಿತ್ತು. ಅವಳ ಮುಖದಲ್ಲಿ ಇಪ್ಪತ್ತು ದಿನದಲ್ಲಿ ಮೊದಲ ಸಲ ಏನೋ ಒಂದು ಗೆಲುವು ಇತ್ತು ಎಂಬುದು ಮಾತ್ರ ನೆನಪಿದೆ.

ಕೆಲಸ ಶುರುವಾಯಿತು. ಉಬ್ಬಿದ ಗಿಲಾವು ಕೆತ್ತಿ, ಸಿಮೆಂಟು ತುಂಬಿ, ಒಂದು ಕೈ ಪುಟ್ಟಿ ಎಳೆದು ಒಣಗಲು ಬಿಟ್ಟ. ರೈಲು ಬರುವ ಹೊತ್ತಿಗೆ ಏಣಿ ಹತ್ತಿ ಸೀಲಿಂಗಿಗೆ ಅಂಗೈ ಒತ್ತಿ ನಿಲ್ಲುತ್ತಿದ್ದ. ಎಲ್ಲಿ ಎಷ್ಟು ನಡುಗುತ್ತದೆ ಎಂದು ನೋಡುವುದಕ್ಕೆ. ನನಗೋ ಸೋಮವಾರ ಅವಳನ್ನು ಕರೆತರುವ ಅವಸರ. ಒಣಗಲಿ ಎಂದು ಫ್ಯಾನ್ ಜೋರಾಗಿ ಹಾಕಿಬಿಟ್ಟೆ. ಆತ ಬಂದು ನೋಡಿ ಆರಿಸಿದ. ಗಾಳಿಗೆ ಒಣಗಿದರೆ ಮೇಲಷ್ಟೇ ಒಣಗಿ ಸೀಳು ಬಿಡುತ್ತದೆಯಂತೆ. ಅವತ್ತೇ ಎರಡನೆಯ ಕೈ ಎಳೆ ಎಂದೆ.

"ಇದು ತಿಕೋಟಾ ಬಸ್ಸಲ್ರಿ ಸಾಹೇಬ್ರ, ಸೀಟಿ ಊದಿದ ಕೂಡ್ಲೆ ಹೊಂಡಾಕ" ಎಂದ. ಕೋಪವಿಲ್ಲ, ನಗುವೂ ಇಲ್ಲ.

ಸೋಮವಾರದ ಬದಲು ಗುರುವಾರವಾಯಿತು. ಆದರೆ ಆದದ್ದನ್ನು ನೋಡಿ ನನ್ನ ಅವಸರ ಇಳಿಯಿತು. ಬಾಗಿಲ ಕಡೆಯಿಂದ ಹೊರಟ ಗೆರೆಗಳು ಫ್ಯಾನನ್ನು ಬಳಸಿ, ಅಲ್ಲಲ್ಲಿ ಅಗಲವಾಗಿ, ಅಲ್ಲಲ್ಲಿ ಒಂದರೊಳಗೊಂದು ಸೇರಿ, ಎಡಗಡೆಯ ಮೂಲೆಗೆ ಹೋಗುತ್ತಿದ್ದವು. ಬಲಗಡೆ ಹೆಚ್ಚು ಕೆಲಸವಿರಲಿಲ್ಲ. ಆ ಕಡೆ ಅವಳ ಕತ್ತು ಹೊರಳುವುದಿಲ್ಲ, ಅಲ್ಲಿ ಮಾಡಿ ಯಾರಿಗೆ ತೋರಿಸುವುದು ಎಂದ. ಎಡಗಡೆ, ಗೆರೆಗಳೆಲ್ಲ ಬಂದು ಕೂಡುವಲ್ಲಿ, ಊಟದ ತಾಟಿನಷ್ಟು ಜಾಗ ಮಾತ್ರ ಏನೂ ಇಲ್ಲದೆ ನುಣ್ಣಗೆ ಉಳಿದಿತ್ತು.

ಇದೊಂದು ಬಿಟ್ಟುಹೋಗಿದೆಯಲ್ಲ ಎಂದು ಬೆರಳು ತೋರಿಸಿದೆ. ಆತ ಏನೋ ಹೇಳಿದ. ಅದೇ ಹೊತ್ತಿಗೆ ಅವಳನ್ನು ಕರೆತರುವ ಗಾಡಿಯವನ ಫೋನು ಬಂತು. ಒಂದು ಕಿವಿಯಲ್ಲಿ ಫೋನು, ಇನ್ನೊಂದರಲ್ಲಿ ಆತನ ಮಾತು. ಕಣ್ಣು ಓಡಿ ಓಡಿ ದಣಿಯುತ್ತವೆ, ಬಸ್ಸಿಗೂ ಒಂದು ಸ್ಟ್ಯಾಂಡ್ ಇರುತ್ತದಲ್ಲ, ಹಾಗೆ ಕಣ್ಣಿಗೂ ಕೂಡ್ರಲು ಒಂದು ಜಾಗ ಬೇಕು, ಅಕ್ಕಾರೇ ತೋರಿಸಿದ ಜಾಗ ಅದು, ಎಂಬಂಥ ಮಾತು. ಹ್ಞೂಂ ಹ್ಞೂಂ ಅಂದೆ. ಕೆಲಸ ಉಳಿಸಿ ಹೋಗುವವರು ಹೇಳುವ ನೆಪಗಳಲ್ಲಿ ಇದೂ ಒಂದು ಅಂದುಕೊಂಡೆ. ಅವರಿಗೆ ಮಾತಿಗೇನು ಬರ.

ಅವಳನ್ನು ಮಂಚದ ಮೇಲೆ ಮಲಗಿಸಿದ ದಿನ ಬಹಳ ಹೊತ್ತು ಬಾಗಿಲಲ್ಲಿ ನಿಂತು ನೋಡಿದೆ. ಅವಳ ಕಣ್ಣು ಬಾಗಿಲ ಕಡೆಯಿಂದ ಹೊರಟು, ಫ್ಯಾನನ್ನು ಸುತ್ತಿ, ಎಡಗಡೆಗೆ ಹೋಗಿ ನಿಂತವು. ಎಂಟು ವರ್ಷದ ಹಿಂದಿನ ಹಾಗೆ ಅವಳ ಬಾಯಿ ಸ್ವಲ್ಪ ತೆರೆದಿತ್ತು. ನನಗೆ ದುಃಖವೂ ಬಂತು, ಏನೋ ಒಂದು ಸರಿ ಮಾಡಿದೆನಲ್ಲ ಎಂಬ ಸಮಾಧಾನವೂ ಬಂತು.

ಹತ್ತೊಂಬತ್ತನೆಯ ದಿನ ತಿಕೋಟಾದಿಂದ ಅವಳ ಅಣ್ಣ ಬಂದ. ತಂಗಿಯನ್ನು ಮಾತಾಡಿಸಿ, ಕಣ್ಣೊರೆಸಿಕೊಂಡು, ಕುರ್ಚಿಗೆ ಒರಗಿ ಮೇಲೆ ನೋಡಿದ. ಇದನ್ನು ಯಾರು ಮಾಡಿದ್ದು ಎಂದು ಕೇಳಿದ. ಹೇಳಿದೆ. ಅವನು ನಕ್ಕುಬಿಟ್ಟ. ತನ್ನ ಮನೆಯಲ್ಲೂ ಹೀಗೇ ಒಂದು ಕಡೆ ಬಿಟ್ಟುಹೋಗಿದ್ದ, ಎಲ್ಲ ಕಡೆ ಹೀಗೇ ಮಾಡುತ್ತಾನಂತೆ, ತಾನು ಅದರ ಕೆಳಗೇ ಫಾಲ್ಸ್ ಸೀಲಿಂಗ್ ಹೊಡೆಸಿ ಲೈಟು ಹಾಕಿಸಿಬಿಟ್ಟೆ ಎಂದ. ಇಷ್ಟು ವರ್ಷ ಡ್ರೈವರು ಕಂಡಕ್ಟರುಗಳನ್ನು ಹೆದರಿಸಿದ ನೀವು ಒಬ್ಬ ಪುಟ್ಟಿ ಹಚ್ಚುವವನಿಂದ ಮೋಸ ಹೋದಿರಲ್ಲ ಎಂದು ಛೇಡಿಸಿದ.

ಆ ಮಾತು ನೇರ ನನ್ನ ಮೂಗಿನ ತುದಿಗೆ ಬಂತು. ಮರುದಿನ ಬೆಳಗ್ಗೆಯೇ ಆತ ಬಿಟ್ಟುಹೋಗಿದ್ದ ಚೀಲದಲ್ಲಿ ಉಳಿದ ಪುಟ್ಟಿ ಕಲಸಿದೆ. ಅವಳ ಮಂಚವನ್ನು ಬಾಗಿಲ ಹತ್ತಿರಕ್ಕೆ ಎಳೆದು, ನಾನೇ ಏಣಿ ಹತ್ತಿ, ಆ ನುಣುಪು ಜಾಗಕ್ಕೆ ಪುಟ್ಟಿ ಮೆತ್ತಿ, ನನ್ನ ತಲೆಯ ಪ್ಲಾಸ್ಟಿಕ್ ಹಣಗಿಯಿಂದ ಗೆರೆ ಎಳೆದೆ. ಅಷ್ಟೇನೂ ಕೆಟ್ಟದಾಗಿ ಬರಲಿಲ್ಲ. ಅವಳು ಕೆಳಗಿನಿಂದ ಎಡಗೈ ಎತ್ತಿ ಎತ್ತಿ ಆಡಿಸುತ್ತಿದ್ದಳು. ನಾನೆಲ್ಲಿ ಬೀಳುತ್ತೇನೋ ಎಂದು ಹೆದರಿದ್ದಾಳೆ ಅಂದುಕೊಂಡೆ. ಈ ಸ್ಥಿತಿಯಲ್ಲೂ ನನ್ನ ಚಿಂತೆ ಬಿಟ್ಟಿಲ್ಲವಲ್ಲ ಎಂದು ಎದೆ ತುಂಬಿ ಬಂತು. "ಬೀಳಂಗಿಲ್ಲ ಬಿಡ, ಅಂಜಬ್ಯಾಡ" ಎಂದು ಮೇಲಿನಿಂದ ಧೈರ್ಯ ಬೇರೆ ಹೇಳಿದೆ.

ಅವತ್ತಿನಿಂದ ಅವಳು ಮೇಲೆ ನೋಡುವುದು ಬಿಟ್ಟಳು. ಮೊದಲೆರಡು ದಿನ ಅವಳ ಕಣ್ಣು ಗೆರೆಗಳ ಮೇಲೆ ಓಡಾಡಿದವು, ಆಮೇಲೆ ಗಟ್ಟಿಯಾಗಿ ಮುಚ್ಚಿಕೊಂಡವು. ಹಗಲೆಲ್ಲ ಎಡಗಡೆಯ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಗಂಜಿ ಕುಡಿಸುವಾಗಲೂ ನನ್ನ ಮುಖ ನೋಡುತ್ತಿರಲಿಲ್ಲ. ಈ ರೋಗದಲ್ಲಿ ಮನಸ್ಸು ಕುಗ್ಗುವುದುಂಟು ಎಂದು ಡಾಕ್ಟರು ಇನ್ನೊಂದು ಗುಳಿಗೆ ಬರೆದುಕೊಟ್ಟರು. ಅದರ ಹೊತ್ತನ್ನೂ ನಾನು ತಪ್ಪದೆ ಪಾಲಿಸಿದೆ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ನಿವೃತ್ತಿಯಾದರೂ ಕಾಲು ಆ ಕಡೆಗೇ ಹೋಗುತ್ತವೆ. ಬಬಲೇಶ್ವರ ಮಾರ್ಗದ ಬಸ್ಸು ನಿಲ್ಲುವಲ್ಲಿ ಕಲ್ಲುಬೆಂಚಿನ ಮೇಲೆ ಆತ ಕೂತಿದ್ದ. ಕತ್ತಿಗೆ ಬಿಳಿ ಪಟ್ಟಿ ಬಿಗಿದಿದ್ದರು. ಹುಬ್ಬಿನ ಪುಡಿ ಹೋಗಿತ್ತು, ಕೂದಲು ನಿಜವಾಗಿಯೂ ನೆರೆತಿದ್ದು ಆಗ ಗೊತ್ತಾಯಿತು. ಕತ್ತಿನ ಎಲುಬು ಸವೆದು ನರ ಒತ್ತುತ್ತಿದೆ, ಇನ್ನು ಮೇಲೆ ನೋಡಬಾರದು ಎಂದು ಹೇಳಿದ್ದಾರಂತೆ. ಕೆಲಸ ಬಿಟ್ಟು ತಿಂಗಳಾಗಿತ್ತು. ಎಷ್ಟು ಮನೆ ಉಳಿದಿದ್ದವು ಎಂದು ಕೇಳಿದೆ. ಹತ್ತು ಎಂದ.

ನಾನು ಹಗುರ ಮಾಡಲೆಂದು ಹೇಳಿದೆ. "ಮಿಸ್ತ್ರಿ, ನೀ ಬಿಟ್ಟ ಹ್ವಾದ ಜಾಗಾ ನಾನ ತುಂಬೇನಿ ನೋಡಪಾ. ಈಗ ಭೇಷ್ ಕಾಣತೈತಿ."

ಕತ್ತು ತಿರುಗದ್ದರಿಂದ ಆತ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದ. ಏನು ತುಂಬಿದಿರಿ ಎಂದು ಕೇಳಿದ. ವಿವರಿಸಿದೆ. ಆತ ನನ್ನ ಚಪ್ಪಲಿಯನ್ನೇ ನೋಡುತ್ತ ಕೂತ. ಅಷ್ಟರಲ್ಲಿ ಮಮದಾಪುರ ಬಸ್ಸು ಬಂತು. ರೂಢಿಯ ಪ್ರಕಾರ ನಾನು, ಹತ್ತು, ಹೊರಡುತ್ತದೆ ಎಂದೆ. ಆತ ಏಳಲಿಲ್ಲ.

"ಅಕ್ಕಾರ ಈಗ ಯಾ ಕಡೆ ನೋಡ್ತಾರ್ರಿ?"

"ಗ್ವಾಡಿ ಕಡೆ."

ಬಸ್ಸು ಹೋಯಿತು. ಆತ ನನ್ನ ಜೊತೆ ಮನೆಗೆ ಬಂದ.

ಕೋಣೆಗೆ ಬಂದವನೇ ಮಂಚದ ಪಕ್ಕ ನೆಲದ ಮೇಲೆ ಮಲಗಲು ಹೊರಟ. ಅಂಗಾತ ಮಲಗುವುದೇ ಆತನಿಗೆ ಕಷ್ಟವಾಗಿತ್ತು. ನಾನು ಬೆನ್ನು ಹಿಡಿದು, ತಲೆಯ ಕೆಳಗೆ ದಿಂಬು ಇಟ್ಟು, ಮೆಲ್ಲಗೆ ಇಳಿಸಿದೆ. "ಅಕ್ಕಾರ, ನಾ ಮಿಸ್ತ್ರಿ ಬಂದೇನ್ರಿ" ಎಂದ. ಎರಡು ತಿಂಗಳಿನಿಂದ ಗೋಡೆ ನೋಡುತ್ತಿದ್ದವಳು ಆ ದನಿಗೆ ಮುಖ ಹೊರಳಿಸಿದಳು. ಇಬ್ಬರೂ ಮೇಲೆ ನೋಡಿದರು, ಒಬ್ಬಳು ಮಂಚದ ಮೇಲಿನಿಂದ, ಒಬ್ಬ ನೆಲದಿಂದ. ಅವಳ ಎಡಗೈ ಎದ್ದಿತು. ಆ ಜಾಗದ ಕಡೆಗೆ ಎದ್ದು ಆಡಿತು. ಏಣಿಯ ಮೇಲಿದ್ದಾಗ ನೋಡಿದ ಅದೇ ಕೈ, ಅದೇ ಆಟ. ಅವತ್ತು ಅವಳು ನನ್ನ ಚಿಂತೆ ಮಾಡಿರಲಿಲ್ಲ, ಬೇಡ ಅನ್ನುತ್ತಿದ್ದಳು. ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ನನಗೆ ಅಲ್ಲಿ ನಿಲ್ಲಲು ಮುಖ ಉಳಿಯಲಿಲ್ಲ.

"ನಿಮ್ಮ ತಪ್ಪಲ್ರಿ ಸಾಹೇಬ್ರ" ಎಂದ ಆತ ಮಲಗಿದಲ್ಲಿಂದ. "ನಾ ನಿಮ್ಮನ್ನ ಕುಂಡ್ರಿಸಿ ಹೇಳಬೇಕಾಗಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಎದ್ದು ಏಣಿ ಕೇಳಿದ. ಬೇಡ ಎಂದೆ, ಕೇಳಲಿಲ್ಲ. ಕತ್ತಿನ ಪಟ್ಟಿ ಬಿಚ್ಚಿ ಕುರ್ಚಿಯ ಮೇಲಿಟ್ಟ. ಎರಡು ಮೆಟ್ಟಿಲು ಹತ್ತಿ ತಲೆ ಎತ್ತಿದವನು ಅಲ್ಲೇ ತೂಗಾಡಿದ. ನಾನು ಸೊಂಟ ಹಿಡಿದುಕೊಂಡೆ. ಕಣ್ಣಿಗೆ ಕತ್ತಲೆ ಬರುತ್ತದೆ ಎಂದು ಇಳಿದು ಮೆಟ್ಟಿಲ ಮೇಲೆ ಕೂತ. ನಮ್ಮಾಕೆಯ ಕಡೆ ನೋಡಲಾರದೆ ನೋಡಿದ.

ಕೊನೆಗೆ ನಾನೇ ಹತ್ತಬೇಕು, ಆತ ಕೆಳಗೆ ಮಲಗಿ ಹೇಳಬೇಕು ಎಂದಾಯಿತು. ಒದ್ದೆ ಬಟ್ಟೆಯಿಂದ ಆ ಜಾಗವನ್ನಷ್ಟೇ ನೆನೆಸಿ ಅರ್ಧ ತಾಸು ಬಿಡಬೇಕು, ಮೇಲಿನ ಪುಟ್ಟಿ ಮೆತ್ತಗಾದ ಮೇಲೆ ತಗಡಿನ ಪಟ್ಟಿಯಿಂದ ಬೆಣ್ಣೆ ತೆಗೆದ ಹಾಗೆ ತೆಗೆಯಬೇಕು, ಕೆಳಗಿನ ನುಣುಪು ಹಾಗೇ ಸಿಗುತ್ತದೆ ಎಂದ. ನೆನೆಸಿದೆ. ಏಣಿಯ ಮೇಲೆ ನಿಂತು ಕಾಯತೊಡಗಿದೆ. ಕೆಳಗೆ ಅವರಿಬ್ಬರ ನಾಲ್ಕು ಕಣ್ಣು ನನ್ನ ಮೇಲೆ. ಅವಳು ಮತ್ತೆ ಮೇಲೆ ನೋಡುತ್ತಿದ್ದಾಳೆ, ಈಗಲೇ ಕೊಟ್ಟುಬಿಡಬೇಕು, ತಡ ಮಾಡಿದರೆ ಮುಖ ತಿರುಗಿಸಿಬಿಡುತ್ತಾಳೆ ಅನ್ನಿಸಿತು. ಬೆರಳಿನಿಂದ ಮುಟ್ಟಿದೆ, ಮೆತ್ತಗಿದ್ದ ಹಾಗಿತ್ತು. ಹತ್ತು ನಿಮಿಷವೂ ಆಗಿರಲಿಲ್ಲ.

"ಇನ್ನಾ ತಡೀರಿ ಸಾಹೇಬ್ರ" ಎಂದ ಆತ.

ನಾನು ಆಗಲೇ ತಗಡಿನ ಪಟ್ಟಿ ಒತ್ತಿದ್ದೆ. ಒಂದು ಅಂಚು ಎದ್ದಿತು. ಇನ್ನಷ್ಟು ಒತ್ತಿದೆ. ನನ್ನ ಪುಟ್ಟಿ, ಅದರ ಕೆಳಗಿನ ಆತನ ಪುಟ್ಟಿ, ಅದಕ್ಕೂ ಕೆಳಗಿನ ಗಿಲಾವು, ಎಲ್ಲ ಒಂದೇ ಹಕ್ಕಳೆಯಾಗಿ ಕಿತ್ತು ಏಣಿಯ ಬುಡಕ್ಕೆ ಬಿತ್ತು. ಮೇಲೆ ತಾಟಿನಷ್ಟು ಬೂದು ಬಣ್ಣದ ಕುಳಿ, ಅದರಲ್ಲಿ ತುಕ್ಕು ಹಿಡಿದ ಒಂದು ಸರಳು ಕಾಣುತ್ತಿತ್ತು. ಹಲ್ಲು ಕಿತ್ತ ವಸಡಿನ ಹಾಗೆ.

ಆತ ಕಣ್ಣು ಮುಚ್ಚಿಕೊಂಡ. "ಇನ್ನ ಸಾಕ ಬಿಡ್ರಿ" ಎಂದ. ಅವಳು ಎಡಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡಿದ್ದಳು.

ಬೇರೆಯವರನ್ನು ಕರೆಸಿ ನೋಡಿದೆ. ಮೊದಲು ಬಂದವರು ಫೋನಿನಲ್ಲಿ ಹೂವಿನ ಡಿಸೈನು ತೋರಿಸಿದರು. ಒಂದು ತಾಟಿನಷ್ಟು ಜಾಗಕ್ಕೆ ಯಾರು ಬರುತ್ತಾರೆ, ಎಲ್ಲ ಕೆರೆದು ಹೊಸದಾಗಿ ಮಾಡೋಣ ಎಂದರು. ಕೆರೆಯುವ ಧೂಳಿಗೆ ಅವಳಿಗೆ ಉಸಿರು ಸಾಗುವುದಿಲ್ಲ ಎಂದರು ಡಾಕ್ಟರು. ಇನ್ನೊಬ್ಬ ಬಂದು ಕುಳಿಯನ್ನಷ್ಟೇ ತುಂಬಿ ಹೋದ, ಮೂರನೆಯ ದಿನ ರೈಲು ಹೋದಾಗ ಅದು ಕಳಚಿ ಬಿತ್ತು. ಮಂಚದ ಪಕ್ಕಕ್ಕೆ ಬಿತ್ತು, ಅವಳ ಮೇಲಲ್ಲ. ಆಮೇಲೆ ನಾನು ಯಾರನ್ನೂ ಕರೆಯಲಿಲ್ಲ. ಅವಳು ಇನ್ನೂ ಏಳು ತಿಂಗಳು ಬದುಕಿದಳು. ಏಳು ತಿಂಗಳೂ ಗೋಡೆಯನ್ನೇ ನೋಡಿದಳು. ನಾನು ಆ ಕಡೆ ಹೋಗಿ ಗೋಡೆಗೂ ಅವಳಿಗೂ ನಡುವೆ ಕೂತರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಸಿಟ್ಟೋ, ದಣಿವೋ ಗೊತ್ತಿಲ್ಲ. ಕೇಳಿದರೆ ಹೇಳಲು ಅವಳಿಗೆ ಮಾತಿರಲಿಲ್ಲ, ಕೇಳಲು ನನಗೆ ಧೈರ್ಯವಿರಲಿಲ್ಲ.

ಅವಳ ಉತ್ತರಕ್ರಿಯೆಯ ದಿನಗಳಿಗೆ ಆತ ಬರಲಿಲ್ಲ. ಬರುವ ಸ್ಥಿತಿಯಲ್ಲಿ ಇರಲಿಲ್ಲವಂತೆ. ನೋಡಿ ಬರಬೇಕು ಅಂದುಕೊಂಡು ನಾನೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು? ಹೋದ ತಿಂಗಳು ಮಮದಾಪುರ ರೂಟಿನ ಆ ಕಂಡಕ್ಟರೇ ನನ್ನನ್ನು ನಿಲ್ಲಿಸಿ, ನಿಮ್ಮ ಮಿಸ್ತ್ರಿ ಹೋದ, ಇವತ್ತೇ ಮಣ್ಣು ಎಂದ. ಅದೇ ಬಸ್ಸು ಹತ್ತಿದೆ. ಬಬಲೇಶ್ವರದಲ್ಲಿ ಟೈರು ಕೆಟ್ಟು ಒಂದು ತಾಸು ನಿಂತಿತು. ಯಾರ ಮೇಲೂ ರೇಗಲಿಲ್ಲ. ಮಮದಾಪುರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು ಜನ ಸ್ನಾನ ಮಾಡಿ ಮನೆಗಳಿಗೆ ಹೋಗಿದ್ದರು.

ಕೆರೆಯ ಕಡೆಯ ಓಣಿಯಲ್ಲಿ ತಗಡಿನ ಮನೆ. ಊರೂರಿನ ಸೀಲಿಂಗಿಗೆ ಗೆರೆ ಎಳೆದವನ ಮನೆಗೆ ಸೀಲಿಂಗೇ ಇರಲಿಲ್ಲ. ಆತನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ನಾನು ಯಾರೆಂದು ಹೇಳಿದೆ. ಗೊತ್ತು, ಅಕ್ಕಾರ ಮನೆಯವರು ಎಂದಳು. ಕೊನೆಗೆ ಬಹಳ ಕಷ್ಟಪಟ್ಟನೇ ಎಂದು ಕೇಳಿದೆ.

"ಅಂಗಾತ ಮಲಗಾಕ ಆಗ್ತಿದ್ದಿಲ್ರಿ" ಎಂದಳು. "ಗೋಣು ಮುಂದಕ ಬಾಗಿ ಕುಂತ ಬಿಟ್ಟಿತ್ತು. ದುಪ್ಪಟಿ ಮಡಚಿ ಮುಂದ ಇಟ್ರ ಅದರ ಮ್ಯಾಲ ಹಣಿ ಊರಿ ಕೂಡ್ತಿದ್ರು. ಐದ್ ತಿಂಗಳ ನೆಲಾ ನೋಡ್ಕೋಂತ ಹ್ವಾದ್ರು."

ನೆಲಕ್ಕೆ ಸೆಗಣಿ ಸಾರಿಸಿದ್ದರು. ಆತ ಕೂಡುತ್ತಿದ್ದ ಜಾಗ ಯಾವುದೆಂದು ತೋರಿಸಿದಳು. ಅಲ್ಲಿ ನೋಡಲು ಏನೂ ಇರಲಿಲ್ಲ. ಹಣಗಿ ಏನಾಯಿತು ಎಂದು ಕೇಳಬೇಕೆನಿಸಿತು. ಕೇಳದೆ ಎದ್ದು ಬಂದೆ.

ಮನೆಗೆ ಬಂದು ಬಾಗಿಲು ತೆಗೆದಾಗ ಇನ್ನೂ ಬೆಳಕಿತ್ತು. ಮಂಚವನ್ನು ನಾನು ಎಂದೋ ಯಾರಿಗೋ ಕೊಟ್ಟುಬಿಟ್ಟಿದ್ದೇನೆ. ಕೋಣೆ ಖಾಲಿ ಇದೆ. ಆತ ಮೊದಲ ದಿನ ಮಲಗಿದ ಹಾಗೆ, ಮಂಚ ಇದ್ದ ಜಾಗ ಗುರುತು ಹಿಡಿದು, ಅವಳ ತಲೆ ಇದ್ದಲ್ಲಿ ತಲೆ ಇಟ್ಟು ಬರಿನೆಲದ ಮೇಲೆ ಅಂಗಾತ ಮಲಗಿದೆ. ಇಷ್ಟು ದಿನದಲ್ಲಿ ಅದೇ ಮೊದಲು. ಅಲ್ಲಿಂದ ಬೇರೆಯೇ ಕಾಣುತ್ತದೆ. ಬಾಗಿಲಲ್ಲಿ ನಿಂತವರಿಗೆ ಗೆರೆಗಳು ಕಾಣುತ್ತವೆ, ಮಲಗಿದವರಿಗೆ ಗೆರೆಗಳು ಕರೆಯುತ್ತವೆ. ಬಾಗಿಲ ಕಡೆಯಿಂದ ಹೊರಟು ಫ್ಯಾನನ್ನು ಬಳಸಿ, ಅವಸರವಿಲ್ಲದೆ ಎಡಗಡೆಗೆ ಕರೆದುಕೊಂಡು ಹೋಗುತ್ತವೆ. ಇನ್ನೇನು ಬಂತು, ಇಲ್ಲೇ ಕೂಡ್ರಬೇಕು ಅನ್ನುವಲ್ಲಿ ಆ ಬೂದು ಕುಳಿ, ಆ ತುಕ್ಕಿನ ಸರಳು. ಕಣ್ಣು ಬೆಚ್ಚಿ ಹಿಂದಕ್ಕೆ ಬರುತ್ತದೆ. ಮತ್ತೆ ಬಾಗಿಲಿನಿಂದ ಹೊರಡುತ್ತದೆ. ಮತ್ತೆ ಅಲ್ಲಿಗೇ ಹೋಗುತ್ತದೆ.

ಮೂವತ್ತು ವರ್ಷ ಎಷ್ಟೋ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿದವನು ನಾನು. ಯಾವ ಬಸ್ಸು ಎಷ್ಟು ಹೊತ್ತು ನಿಲ್ಲಬೇಕೆಂಬುದು ನನಗೆ ಬಾಯಿಪಾಠ. ಅವಳ ಕಣ್ಣಿಗೆ ಆತ ಒಂದು ಜಾಗ ಮಾಡಿಕೊಟ್ಟಿದ್ದ, ಬದುಕಿರುವವರೆಗೂ ಇರಲಿ ಎಂದು ಮಾಡಿಕೊಟ್ಟಿದ್ದ. ನಾನು ಅವಳನ್ನು ಅಲ್ಲಿ ಕೂಡ್ರಲು ಬಿಟ್ಟದ್ದು ಹತ್ತೊಂಬತ್ತು ದಿನ.